ಎರಡನೆಯ ಸಾಲು

ಹೊಸ ಮೋಡೆಮಿನ ಮೂರನೆಯ ದೀಪಕ್ಕೆ ಮಾತ್ರ ಏನೋ ಹಟ. ಮೊದಲನೆಯದು ಪ್ಲಗ್ ಸಿಕ್ಕಿಸಿದ ಕೂಡಲೇ ಕಣ್ಣುಬಿಟ್ಟು ಕೂತಿತ್ತು. ಎರಡನೆಯದು ಕೇಬಲ್ಲಿನೊಳಗೆ ಏನಾದರೂ ಹರಿದು ಬರುತ್ತಿದೆಯೇ ಎಂದು ಮೂಸಿ ನೋಡುವಂಥದ್ದು. ನಾಲ್ಕು ನಿಮಿಷ ತಡಕಾಡಿ ಅದೂ ನೆಲೆನಿಂತಿತ್ತು. ಮೂರನೆಯದು, ಹೊರಗಿನ ಲೋಕ ಈ ಮನೆಯನ್ನು ಒಳಗೆ ಸೇರಿಸಿಕೊಂಡಿತು ಎಂದು ಸಾರಬೇಕಾದದ್ದು, ಬೆಳಗಿನ ಒಂಬತ್ತೂವರೆಯಿಂದ ಮಿಟುಕುತ್ತಲೇ ಇತ್ತು. ಈಗ ಹನ್ನೊಂದೂ ಕಾಲು. ಅವಳು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಕೇಬಲ್ಲಿನ ತಿರುಪನ್ನು ಬಿಗಿದೂ ಬಿಗಿದೂ ಕೆಂಪಾದ ಬೆರಳ ತುದಿಯನ್ನು ಬಾಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ದೀಪದ ಮಿಟುಕಿಗೂ ತನ್ನ ಉಸಿರಿಗೂ ತಾಳ ಕೂಡಿಬಿಟ್ಟಿದೆ ಅನ್ನಿಸಿ, ಬೇಕೆಂದೇ ಉಸಿರು ಹಿಡಿದಳು. ದೀಪ ಅವಳಿಗಾಗಿ ಕಾಯಲಿಲ್ಲ.

"ಈಗ ಹ್ಯಾಗಿದೆಯೇ ಪಾಪು?" ಒಳಗಿನ ಕೋಣೆಯಿಂದ ಅಕ್ಕ ಕೂಗಿದಳು.

"ಹಾಗೇ ಇದೆ."

"ಯಾವ ಬಣ್ಣ?"

"ಹಸಿರು."

"ಎಂಥ ಹಸಿರು? ಎಲೆ ಹಸಿರಾ, ಗಿಣಿ ಹಸಿರಾ?"

"ಹಸಿರು ಅಂದ್ರೆ ಹಸಿರು ಕಣೇ. ಸುಮ್ನಿರು ಸ್ವಲ್ಪ."

ಅಕ್ಕ ಸುಮ್ಮನಾದಳು. ಅವಳು ಸುಮ್ಮನಾಗುವ ರೀತಿಯೇ ಒಂದು ಮಾತು. ಮಂಚದ ಮೇಲೆ ಒಮ್ಮೆ ಮಗ್ಗುಲು ಬದಲಿಸಿ, ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತ ಬಿಚ್ಚುತ್ತ, ನಾನೇನೂ ಕೇಳಲೇ ಇಲ್ಲವಲ್ಲ ಎಂಬಂತೆ ಇದ್ದುಬಿಡುವುದು. ಸಕ್ಕರೆ ಕಾಯಿಲೆ ಎರಡು ವರ್ಷದ ಹಿಂದೆ ಅವಳ ಎರಡೂ ಕಣ್ಣುಗಳನ್ನು ತಿಂದು ಮುಗಿಸಿತ್ತು. ಅಂದಿನಿಂದ ಬಣ್ಣಗಳ ವಿಷಯದಲ್ಲಿ ಅವಳಿಗೆ ತೀರದ ಚಪಲ. ಮೂವತ್ನಾಲ್ಕು ವರ್ಷದ ತಂಗಿಯನ್ನು ಇನ್ನೂ ಪಾಪು ಎಂದೇ ಕರೆಯುವ ಈ ಐವತ್ತರ ಹೆಂಗಸಿಗೆ ಒಂದು ಹಸಿರನ್ನು ವಿವರಿಸಿ ಹೇಳುವುದು ಎಷ್ಟು ಹೊತ್ತಿನ ಕೆಲಸವಾಗಿತ್ತು? ಹೇಳಬಹುದಾಗಿತ್ತು, ಹಣ್ಣಾಗಲು ಒಪ್ಪದ ಕಾಯಿಯ ಹಸಿರು ಎಂದು. ಹೇಳಲಿಲ್ಲ.

ಊರಿಗೆಲ್ಲ ಹೇಳಿಕೊಡುವವಳು ತಾನೇ ಆಗಿದ್ದು ಇನ್ನೊಂದು ಕುಚೋದ್ಯ. ಇಂಟರ್ನೆಟ್ ಕೊಡುವ ಈ ಕಂಪನಿಯ ಸಹಾಯವಾಣಿಯಲ್ಲೇ ಅವಳಿಗೆ ಮೂರು ವರ್ಷದಿಂದ ಕೆಲಸ. ವಾರಕ್ಕೆ ನಾನೂರು ಮನೆಗಳ ಮಿಟುಕುವ ದೀಪಗಳನ್ನು ಕಾಣದೆಯೇ ಬಲ್ಲವಳು. ಆಫೀಸಿನ ಉದ್ದನೆಯ ಹಾಲ್, ಸಾಲುಸಾಲು ಕುರ್ಚಿ, ಕಿವಿಗೆ ಕಟ್ಟಿಕೊಂಡ ಹೆಡ್‌ಫೋನು, ಎಲ್ಲರ ಬೆನ್ನ ಹಿಂದೆ ಓಡಾಡುವ ಮೇಲ್ವಿಚಾರಕ. ಅವನಿಗೆ ಹಾಲ್‌ನವರು ಇಟ್ಟ ಹೆಸರು ಗಡಿಯಾರ. ಒಂದು ಕರೆ ಆರು ನಿಮಿಷ ದಾಟಿತೆಂದರೆ ಅವನು ಬಂದು ಕುರ್ಚಿಯ ಹಿಂದೆ ನಿಲ್ಲುತ್ತಿದ್ದ. ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ಮೂಗಿನಲ್ಲಿ ಉಸಿರು ಬಿಡುತ್ತಿದ್ದ, ಅದು ಕತ್ತಿನ ಹಿಂಭಾಗಕ್ಕೆ ತಾಕುತ್ತಿತ್ತು. ಆ ಉಸಿರಿನಿಂದ ಪಾರಾಗುವುದಕ್ಕೆ ಹಾಲ್‌ನವರು ಒಂದು ವಿದ್ಯೆ ಕಂಡುಕೊಂಡಿದ್ದರು. ಐದು ನಿಮಿಷವಾಗಿಯೂ ಗಂಟು ಬಿಚ್ಚದಿದ್ದರೆ ಗಿರಾಕಿಗೆ ಮೆತ್ತಗೆ ಹೇಳಬೇಕು: ಮೋಡೆಮ್ ಆರಿಸಿ, ವಯರು ಕಳಚಿ, ಅರ್ಧ ಗಂಟೆ ಹಾಗೇ ಬಿಡಿ, ಆಮೇಲೆ ಹಾಕಿ, ಆಗದಿದ್ದರೆ ಮತ್ತೆ ಫೋನ್ ಮಾಡಿ, ನಾವಿದ್ದೇವಲ್ಲ. ಆರಿಸಿಡುವುದಕ್ಕೆ ಒಂದು ನಿಮಿಷ ಸಾಕು, ಅರ್ಧ ಗಂಟೆ ಬೇಕಿಲ್ಲ. ಆದರೆ ಅರ್ಧ ಗಂಟೆಯ ಮೇಲೆ ಅದೇ ಗಿರಾಕಿ ಫೋನ್ ಮಾಡಿದಾಗ ಅವನು ಬೇರೆ ಯಾರದೋ ಕಿವಿಗೆ ಬೀಳುತ್ತಾನೆ, ಹೊಸ ಕರೆಯಾಗಿ, ಸೊನ್ನೆ ನಿಮಿಷದಿಂದ. ಇದಕ್ಕೆ ಅಲ್ಲಿಯವರು ನೆನೆಹಾಕೋದು ಎನ್ನುತ್ತಿದ್ದರು, ಬೇಳೆಕಾಳು ನೆನೆಹಾಕಿದ ಹಾಗೆ. "ಎಷ್ಟು ನೆನೆಹಾಕಿದೆ ಇವತ್ತು?" "ಹನ್ನೆರಡು." "ಅಬ್ಬಾ, ಮದುವೆ ಅಡುಗೇನಾ?" ಹಾಗೆ ನಗುತ್ತ ಅವರು ಟೀ ಕುಡಿಯುತ್ತಿದ್ದರು. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳು ಹೀಗೇ ನಾಲ್ಕನೆಯವನನ್ನು ನೆನೆಹಾಕುವ ಹೊತ್ತಿಗೆ ಅಕ್ಕ ಸಕ್ಕರೆ ಇಳಿದು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಇವಳ ಫೋನು ಹಾಲ್‌ನ ಹೊರಗಿನ ಕಪಾಟಿನಲ್ಲಿತ್ತು. ಪಕ್ಕದ ಮನೆಯಾಕೆ ಹನ್ನೊಂದು ಸಲ ಕರೆದಿದ್ದರು. ಊಟಕ್ಕೆ ಎದ್ದಾಗ ಆ ಹನ್ನೊಂದು ಎಂಬ ಅಂಕಿ ಪರದೆಯ ಮೇಲೆ ಸುಮ್ಮನೆ, ಯಾರದೋ ಮನೆಯ ಬಾಗಿಲ ಸಂಖ್ಯೆಯ ಹಾಗೆ ನಿಂತಿತ್ತು.

ಅದಾದ ಮೇಲೆ ಗಡಿಯಾರನ ಕೈಕಾಲು ಹಿಡಿದು ಮನೆಯಿಂದ ಕೆಲಸ ಮಾಡುವ ಅಪ್ಪಣೆ ಪಡೆದಿದ್ದಳು. ಈ ತಿಂಗಳು ಅದಕ್ಕೂ ಹೊಸ ಕಟ್ಟಳೆ: ಮನೆಯಿಂದ ದುಡಿಯುವವರು ಕಂಪನಿಯ ಹಳೆಯ ಮೋಡೆಮ್ ಹಿಂದಿರುಗಿಸಿ, ಪಟ್ಟಿಯಲ್ಲಿರುವ ಹೊಸದನ್ನು ತಾವೇ ತಂದು ಕೂರಿಸಿಕೊಳ್ಳಬೇಕು. ಇವತ್ತು ಮಧ್ಯಾಹ್ನ ಎರಡಕ್ಕೆ ಅವಳ ಪಾಳಿ. ಎರಡಕ್ಕೆ ಕುರ್ಚಿಯಲ್ಲಿ ಕೂತು ಕರೆ ತೆಗೆದುಕೊಂಡರೆ ಸರಿ; ಇಲ್ಲವಾದರೆ ಅಪ್ಪಣೆ ರದ್ದು, ಸೋಮವಾರದಿಂದ ಹಾಲ್‌ಗೇ ಬರಬೇಕು. "ನಿಮಗೊಬ್ಬರಿಗೇ ಬೇರೆ ರೂಲ್ಸ್ ಮಾಡಕ್ಕಾಗಲ್ಲಮ್ಮ," ಎಂದಿದ್ದ ಗಡಿಯಾರ. ಅವಳು ಹಾಲ್‌ಗೆ ಹೋದರೆ ಅಕ್ಕ ಮನೆಯಲ್ಲಿ ಒಬ್ಬಳೇ ಇರುವ ಹಾಗಿಲ್ಲ. ಅದಕ್ಕೆ ಅಣ್ಣ ಉಪಾಯ ಹುಡುಕಿಟ್ಟಿದ್ದ. ಕಾರಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ ಇಂಥವರನ್ನು ನೋಡಿಕೊಳ್ಳುವ ಮನೆಯೊಂದಿತ್ತು. ಒಂದು ಹಾಸಿಗೆ ಖಾಲಿಯಾಗಿತ್ತು. ಖಾಲಿ ಹೇಗಾಯಿತೆಂದು ಯಾರೂ ಕೇಳಿರಲಿಲ್ಲ.

ಬೆಳಗ್ಗೆ ಪೆಟ್ಟಿಗೆ ಒಡೆದಾಗ ಅಕ್ಕ ಪಕ್ಕದಲ್ಲೇ ಕೂತು ಮೋಡೆಮನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿನ ಹಾಗೆ ಸವರಿ ನೋಡಿದ್ದಳು. "ಇದರ ಪ್ರಾಣ ಎಲ್ಲಿದೆಯಂತೆ?" ಎಂದು ಕೇಳಿದ್ದಳು. ಅಜ್ಜಿ ಅಕ್ಕನಿಗೆ ಹೇಳಿ, ಅಕ್ಕ ಅವಳಿಗೆ ಹೇಳಿದ ಕಥೆಗಳಲ್ಲಿ ರಾಕ್ಷಸರ ಪ್ರಾಣ ಅವರ ಮೈಯಲ್ಲಿರುತ್ತಿರಲಿಲ್ಲ; ಏಳು ಕೆರೆಯಾಚೆ, ಏಳು ಪೆಟ್ಟಿಗೆಯೊಳಗೆ, ಒಂದು ದುಂಬಿಯ ಹೊಟ್ಟೆಯಲ್ಲಿ. "ಹೊಟ್ಟೆ ಕೆಳಗೆ ಚೀಟಿ ಅಂಟಿಸಿದಾರೆ. ಹನ್ನೆರಡು ಅಕ್ಷರದ ನಂಬರು. ಕಂಪನಿಗೆ ಅದನ್ನ ಓದಿ ಹೇಳಿದ್ರೆ ಇದು ಎದ್ದು ಕೂರುತ್ತೆ," ಎಂದಿದ್ದಳು ಅವಳು. "ದಡ್ಡ ರಾಕ್ಷಸ. ಪ್ರಾಣಾನ ಹೊಟ್ಟೆ ಮೇಲೇ ಬರ್ಕೊಂಡು ತಿರುಗ್ತಾನೆ," ಎಂದು ಅಕ್ಕ ನಕ್ಕಿದ್ದಳು. ಆ ನಗುವಿನ ಹಿಂದೆ ಭಯವಿತ್ತು. ಅಕ್ಕ ರಾತ್ರಿಯೇ ತನ್ನ ಬಟ್ಟೆಗಳನ್ನು ತಡವಿ ಎರಡು ಗುಡ್ಡೆ ಮಾಡಿಟ್ಟಿದ್ದನ್ನು ಅವಳು ನೋಡಿದ್ದಳು, ನೋಡಿದ್ದನ್ನು ಹೇಳಿರಲಿಲ್ಲ. ಒಂಬತ್ತೂ ನಲವತ್ತಕ್ಕೆ ಸಹಾಯವಾಣಿಗೆ ಫೋನ್ ಮಾಡಿ ನಂಬರು ಓದಿದ್ದಳು. ಯಾವುದೋ ಅಪರಿಚಿತ ದನಿ ಬರೆದುಕೊಂಡು ಹದಿನೈದು ನಿಮಿಷದಲ್ಲಿ ಆಗುತ್ತದೆ ಎಂದಿತ್ತು. ಹದಿನೈದಾಯಿತು, ಮೂವತ್ತಾಯಿತು.

ಈಗ ಮತ್ತೆ ಫೋನ್ ತೆಗೆದುಕೊಂಡಳು. ಕಾಯಿಸುವ ಸಂಗೀತ ಹನ್ನೆರಡು ನಿಮಿಷ ಸುತ್ತಿತು. ಕೊನೆಗೆ ಬಂದ ದನಿ ಕೇಳುತ್ತಲೇ ಗುರುತು ಹತ್ತಿತು. ಹಾಲ್‌ನಲ್ಲಿ ಅವಳ ಪಕ್ಕದ ಕುರ್ಚಿಯವನು. ಮಾತಿನ ನುಣುಪಿಗೆ ಅವನನ್ನು ಬೆಣ್ಣೆ ಎನ್ನುತ್ತಿದ್ದರು. ಅವನಿಗೂ ಗುರುತು ಸಿಕ್ಕಿರಲೇಬೇಕು, ಪರದೆಯ ಮೇಲೆ ಹೆಸರೇ ಇರುತ್ತದಲ್ಲ.

"ನಮಸ್ಕಾರ ಮೇಡಂ, ನಿಮ್ಮ ತೊಂದರೆ ನನಗೆ ಅರ್ಥ ಆಗುತ್ತೆ," ಎಂದ ಬೆಣ್ಣೆ.

"ನಾನು ಕಣೋ."

"ಗೊತ್ತು ಮೇಡಂ." ದನಿ ತಗ್ಗಿಸಿದ. "ಹಿಂದೆ ನಿಂತಿದಾನೆ." ಮತ್ತೆ ಎತ್ತರಿಸಿದ. "ದೀಪ ಯಾವ ಥರ ಇದೆ ಹೇಳ್ತೀರಾ?"

ಹೇಳಿದಳು. ಅವನು ಏನೋ ಒತ್ತಿದ, ಏನೋ ನೋಡಿದ, ನಂಬರು ದಾಖಲಾಗಿದೆಯಲ್ಲ ಮೇಡಂ ಎಂದ. ಆಮೇಲೆ ಒಂದು ಸಣ್ಣ ಮೌನ. ಆ ಮೌನ ಅವಳಿಗೆ ಚೆನ್ನಾಗಿ ಗೊತ್ತು. ಅಂಥ ನೂರು ಮೌನಗಳನ್ನು ಅವಳೇ ಬೇಯಿಸಿ ಬಡಿಸಿದ್ದಳು. "ಒಂದ್ ಕೆಲ್ಸ ಮಾಡಿ ಮೇಡಂ. ಅದನ್ನ ಆರಿಸಿ, ವಯರು ಕಳಚಿ, ಅರ್ಧ ಗಂಟೆ ಹಾಗೇ ಬಿಡಿ..."

"ನನ್ನೇ ನೆನೆಹಾಕ್ತೀಯೇನೋ?"

"ಆಗ್ಲಿಲ್ಲ ಅಂದ್ರೆ ಮತ್ತೆ ಫೋನ್ ಮಾಡಿ ಮೇಡಂ. ನಾವಿದ್ದೀವಲ್ಲ." ಕರೆ ಮುಗಿಯಿತು.

ಮುಖಕ್ಕೆ ನೀರು ಎರಚಿದಂತಾಯಿತು. ಆದರೆ ವಿಚಿತ್ರವೆಂದರೆ, ಅದು ಸುಳ್ಳೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅವಳು ಎದ್ದು ಮೋಡೆಮ್ ಆರಿಸಿದಳು, ವಯರು ಕಳಚಿದಳು, ಗೋಡೆ ಗಡಿಯಾರ ನೋಡಿದಳು, ಅರ್ಧ ಗಂಟೆಗೆ ಕಾಯುತ್ತ ಕೂತಳು. ಯಾಕೆ ಎಂದು ತನ್ನನ್ನೇ ಕೇಳಿಕೊಂಡಳು. ಮಾಡಿದ್ದನ್ನು ಉಣ್ಣಲಿ ಎಂದೇ? ಶಿಕ್ಷೆಯನ್ನು ಮೈಗೆ ಬಡಿಸಿಕೊಳ್ಳುವ ಸುಖವೇ? ದೀಪಗಳು ಆರಿದ ಮನೆ ಒಮ್ಮೆಲೇ ಹಗುರಾದಂತಿತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ಚೌಕಾಕಾರ ಬಿದ್ದು, ಅದರೊಳಗೆ ದೂಳು ಅವಸರವಿಲ್ಲದೆ ಇಳಿಯುತ್ತಿತ್ತು. ಈ ಕೋಣೆಯಲ್ಲಿ ತಾನೊಬ್ಬಳೇ ಇದ್ದಿದ್ದರೆ ಆ ಮಂಚವನ್ನು ಇಲ್ಲಿಗೆ ತಂದು, ಕಿಟಕಿಯ ಕೆಳಗೆ ಹಾಕಿ, ಯಾವ ಬಣ್ಣ ಎಂದು ಯಾರೂ ಕೇಳದ ಮಧ್ಯಾಹ್ನವೊಂದನ್ನು ಮಲಗಿ ಕಳೆಯಬಹುದಿತ್ತು ಎಂದು ಅನ್ನಿಸಿತು. ಅನ್ನಿಸಿದ ಮರುಕ್ಷಣವೇ ಒಳಗಿನ ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದಳು, ಅಕ್ಕನಿಗೆ ಕೇಳಿಸಿತೇನೋ ಎಂಬಂತೆ. ಚಿಕ್ಕವಳಿದ್ದಾಗಲೂ ಹಾಗೇ. ಅಮ್ಮ ತೀರಿಕೊಂಡ ವರ್ಷ, ಅಕ್ಕ ರಾತ್ರಿಯೆಲ್ಲ ಪಕ್ಕದಲ್ಲಿ ಮಲಗಿ ಕಥೆ ಹೇಳುತ್ತಿದ್ದಳು, ಮುಗಿಯದ ಕಥೆ, ತನ್ನ ಭಯ ಕಳೆಯಲೆಂದು ಹೇಳುತ್ತಿದ್ದಳೋ ತಂಗಿಯ ಭಯ ಕಳೆಯಲೆಂದೋ. ಸಾಕಾಗಿ ಇವಳು ನಿದ್ದೆ ಬಂದವಳ ಹಾಗೆ ನಟಿಸುತ್ತಿದ್ದಳು. ಅಕ್ಕ ಮಾತು ನಿಲ್ಲಿಸುತ್ತಿದ್ದಳು, ಆದರೆ ನಂಬಿ ಅಲ್ಲ. ಒಂದು ಬೆಳಗ್ಗೆ ತಲೆ ಬಾಚುತ್ತ ಹೇಳಿದ್ದಳು: "ನಿದ್ದೆ ಬಂದೋರು ಅಷ್ಟು ಜೋಪಾನವಾಗಿ ಉಸಿರಾಡಲ್ಲ ಕಣೇ."

ಹನ್ನೆರಡೂ ಕಾಲಿಗೆ ಅಣ್ಣನ ಫೋನು.

"ಏನಾಯ್ತು ನಿನ್ ಡಬ್ಬ?"

"ಆಗುತ್ತೆ."

"ಬೆಳಗ್ಗೆನೂ ಆಗುತ್ತೆ ಅಂದೆ. ನೋಡು, ಅಲ್ಲಿಯವರು ಇವತ್ತು ಮಾತ್ರ ಹಾಸಿಗೆ ಹಿಡಿದಿಟ್ಟಿರ್ತಾರೆ. ನಾಳೆ ಬೇರೆಯವರು ಬರ್ತಾರಂತೆ."

"ಅಕ್ಕ ಏನು ಬಸ್ ಸೀಟಾ?"

"ಬಸ್ ಸೀಟಾಗಿದ್ರೆ ಕರ್ಚೀಫ್ ಹಾಕ್ಬಿಡ್ತಿದ್ದೆ, ನಿನ್ ಹತ್ರ ಇಷ್ಟು ಅನ್ನಿಸ್ಕೊಳ್ತಿರ್ಲಿಲ್ಲ. ನಮ್ಮನೇಲೇ ಇಟ್ಕೋಬಹುದಿತ್ತು, ಆದ್ರೆ ನಿಮ್ಮತ್ತಿಗೆ ಸ್ವಭಾವ ನಿಂಗೊತ್ತಲ್ಲ."

"ಗೊತ್ತು. ಅತ್ತಿಗೆ ಸ್ವಭಾವ ನಿಂಗೆ ಬೇಕಾದಾಗೆಲ್ಲ ಕೆಟ್ಟಿರುತ್ತೆ."

ಅಣ್ಣ, ಅವಳು ಎಂದೂ ಕೇಳಿರದ ಮೆತ್ತನೆಯ ದನಿಯಲ್ಲಿ, "ನಿಂಗೂ ಒಂದು ಜೀವ್ನ ಅಂತ ಬೇಡ್ವೇನೇ?" ಎಂದ. ಅವಳ ಮೈ ಉರಿದುಹೋಯಿತು. ಅವನ ಬೈಗುಳವನ್ನು ಅವಳು ಸಹಿಸಬಲ್ಲಳು. ತನ್ನ ಎದೆಯೊಳಗೆ ಬಚ್ಚಿಟ್ಟದ್ದನ್ನು ಅವನು ಹೀಗೆ ಕೈಹಾಕಿ ಎತ್ತಿ, ಒಳ್ಳೆಯ ಮಾತಾಗಿ ಒರೆಸಿ, ಮುಂದೆ ಹಿಡಿದದ್ದನ್ನು ಸಹಿಸಲಾರಳು. "ಎರಡಕ್ಕೆ ಹೇಳು. ಆಯ್ತು ಅಂದ್ರೆ ಆಯ್ತು. ಇಲ್ಲ ಅಂದ್ರೆ ಎರಡೂವರೆಗೆ ಕಾರು ತರ್ತೀನಿ," ಎಂದು ಅವನು ಫೋನಿಟ್ಟ.

ಅಕ್ಕನಿಗೆ ಊಟ ಕೊಟ್ಟಳು. ಬೆರಳ ತುದಿ ಚುಚ್ಚಿ ಸಕ್ಕರೆ ನೋಡಿದಳು, ಮಾತ್ರೆ ಅಂಗೈಗೆ ಹಾಕಿದಳು. ಅಕ್ಕ ಅನ್ನವನ್ನು ತಟ್ಟೆಯ ಅಂಚಿಗೆ ಒತ್ತಿ ಒತ್ತಿ, ಒಂದು ಅಗುಳೂ ಕೆಳಗೆ ಬೀಳದ ಹಾಗೆ, ಪರೀಕ್ಷೆಗೆ ಕೂತವಳಂತೆ ಉಂಡಳು. ಈ ಒಂದು ವಾರದಿಂದ ಅವಳು ಹೀಗೇ: ಲೋಟ ಚೆಲ್ಲುತ್ತಿರಲಿಲ್ಲ, ಬಾಗಿಲಿಗೆ ತಾಗುತ್ತಿರಲಿಲ್ಲ, ರಾತ್ರಿ ಬಚ್ಚಲಿಗೆ ಎಬ್ಬಿಸುತ್ತಿರಲಿಲ್ಲ. ತಾನು ಯಾರಿಗೂ ಭಾರವಲ್ಲವೆಂದು ತೋರಿಸುವ ಆ ಜಾಣತನ ಕಂಡಷ್ಟೂ ತಂಗಿಗೆ ಸಿಟ್ಟು ಬರುತ್ತಿತ್ತು. "ತೊಂಡೆಕಾಯಿ ಚೆನ್ನಾಗಿ ಬೆಂದಿದೆ," ಎಂದಳು ಅಕ್ಕ. ತೊಂಡೆಕಾಯಿ ಅರೆಬೆಂದಿತ್ತು.

ಹನ್ನೆರಡೂ ಮುಕ್ಕಾಲಿಗೆ ನಡುಮನೆಗೆ ಬಂದು, ಮತ್ತೆ ಜೋಡಿಸುವ ಮೊದಲು ಮೋಡೆಮನ್ನು ಕೈಗೆತ್ತಿಕೊಂಡು ಮಗುಚಿ ನೋಡಿದಳು. ಚೀಟಿಯಲ್ಲಿ ಎರಡು ಸಾಲು. ಮೇಲಿನದು ಕೇಬಲ್ಲಿನ ನಂಬರು, ಕೆಳಗಿನದು ಟೆಲಿಫೋನಿನದು. ಎರಡೂ ಹನ್ನೆರಡು ಅಕ್ಷರ, ಹನ್ನೊಂದು ಒಂದೇ, ಕೊನೆಯದೊಂದು ಮಾತ್ರ ಬೇರೆ: ಮೇಲೆ ಆರು, ಕೆಳಗೆ ಏಳು. ಬೆಳಗ್ಗೆ ತಾನು ಏಳು ಎಂದಿದ್ದು ಕಿವಿಯಲ್ಲಿ ಕೇಳಿಸಿತು. ಏಳು ಎಂದಿದ್ದಳು, ಅವರು ಏಳು ಎಂದು ಬರೆದುಕೊಂಡಿದ್ದರು. ಕಂಪನಿಯ ಯಂತ್ರ ಇಲ್ಲದ ಒಂದು ಮೋಡೆಮಿಗಾಗಿ ಹಾದಿ ಕಾಯುತ್ತ ಕೂತಿತ್ತು. ಇದು ಕಲಿಯದ ಗಿರಾಕಿಗಳು ಮಾಡುವ ತಪ್ಪು. ದಿನಕ್ಕೆ ನಾಲ್ಕು ಸಲ ಇದನ್ನು ತಿದ್ದುವವಳು ತಾನು. ಕಣ್ಣು ಜಾರಿತೇ? ಅಕ್ಕ ಪಕ್ಕದಲ್ಲಿ ಮಾತಾಡುತ್ತಿದ್ದಳು, ಬೆಳಕು ಕಡಿಮೆಯಿತ್ತು, ಅಕ್ಷರ ಇರುವೆಯಷ್ಟಿತ್ತು. ಕಾರಣಗಳು ಒಂದರ ಹಿಂದೊಂದು ಬಂದು ಸಾಲಾಗಿ ನಿಂತವು, ಸಾಕ್ಷಿ ಹೇಳಲು ಕರೆಸಿದವರ ಹಾಗೆ. ಅವುಗಳಲ್ಲಿ ಯಾವುದೂ ಅವಳ ಮುಖ ನೋಡಲಿಲ್ಲ. ಫೋನ್ ಮಾಡಿ ಒಂದು ಅಂಕಿ ತಿದ್ದಿಸಿದರೆ ಮುಗಿಯಿತು. ಫೋನ್ ಕೈಯ ಅಳತೆಯಲ್ಲೇ ಇತ್ತು. ಅವಳು ಮೋಡೆಮನ್ನು ಜೋಡಿಸಿ ನೆಲದ ಮೇಲಿಟ್ಟು, ಮೊದಲ ದೀಪ ಬರುವುದನ್ನು ನೋಡಿದಳು, ಎರಡನೆಯದು ನಿಲ್ಲುವುದನ್ನು ನೋಡಿದಳು, ಮೂರನೆಯದು ಮಿಟುಕತೊಡಗಿದ್ದನ್ನು ನೋಡಿದಳು. ಒಂದು ಗಂಟೆಯಾಯಿತು. ಒಂದೂ ಹತ್ತಾಯಿತು. ಏನೂ ಮಾಡದೆ ಕೂರುವುದು ಇಷ್ಟು ಸುಲಭವೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಒಂದೂ ಕಾಲಿಗೆ ಗೋಡೆ ಸವರುವ ಸದ್ದು. ಅಕ್ಕ ತಾನೇ ಎದ್ದು ಬಂದಳು, ಬಾಗಿಲ ಚೌಕಟ್ಟು ಹಿಡಿದು ಲೆಕ್ಕದ ಹೆಜ್ಜೆ ಇಟ್ಟು ತಂಗಿಯ ಪಕ್ಕ ನೆಲಕ್ಕೆ ಇಳಿದಳು. ಕೈಚಾಚಿ ಮೋಡೆಮ್ ಮುಟ್ಟಿದಳು. "ಜ್ವರ ಬಂದಿದೆಯಲ್ಲೇ ಇದಕ್ಕೆ," ಎಂದಳು. ತಂಗಿ ನಗಲಿಲ್ಲ.

"ಇನ್ನೊಂದ್ ಸಲ ಫೋನ್ ಮಾಡಿ ನೋಡೇ ಪಾಪು."

"ಮಾಡ್ದೆ. ಎರಡು ಸಲ."

"ಮೂರನೇ ಸಲ ಮಾಡು. ನಾನು ಇಲ್ಲೇ ಕೂತಿರ್ತೀನಿ." ಅಕ್ಕ ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು, ನಾಡಿ ನೋಡುವವರಂತೆ. ಆ ಬೆರಳುಗಳಿದ್ದಾಗ ಮಾಡದೆ ಇರುವುದು ಸಾಧ್ಯವಿರಲಿಲ್ಲ. ವಯರು ಹಿಡಿಯಲು ಕೈ ಬೇಕಲ್ಲ ಎಂದು ಫೋನನ್ನು ಸ್ಪೀಕರ್‌ಗೆ ಹಾಕಿ ನೆಲದ ಮೇಲಿಟ್ಟಳು. ಸಂಗೀತ ಕೋಣೆಯೆಲ್ಲ ಹರಡಿತು. ಅಕ್ಕ ಅದಕ್ಕೆ ತಲೆದೂಗಿದಳು ಕೂಡ. ಒಂದೂ ಮೂವತ್ತೈದಕ್ಕೆ ಒಂದು ಹೆಂಗಸಿನ ದನಿ, ಪಾಠ ಓದಿದಂತೆ ಒಂದೊಂದೇ ಪದ ಬಿಡಿಸಿ ಸ್ವಾಗತ ಹೇಳಿತು.

ಅದು ಟೀಚರ್. ಶಾಲೆ ಮುಚ್ಚಿದ ಮೇಲೆ ಐವತ್ತೆರಡನೆಯ ವಯಸ್ಸಿನಲ್ಲಿ ಕೆಲಸಕ್ಕೆ ಬಂದು ಸೇರಿದಾಕೆ. ಎಲ್ಲರಿಗಿಂತ ಉದ್ದದ ಕರೆಗಳು ಆಕೆಯವು. ಮೂರು ತಿಂಗಳ ಹಿಂದೆ ಹದಿನೈದು ದಿನ ಆಕೆಯನ್ನು ಹಾಲ್‌ನಲ್ಲಿ ತರಬೇತಿಗೆಂದು ಕೂರಿಸಿದ್ದು ಇವಳ ಪಕ್ಕದಲ್ಲೇ. ನೆನೆಹಾಕುವ ವಿದ್ಯೆಯನ್ನೂ ಇವಳೇ ಹೇಳಿಕೊಟ್ಟಿದ್ದಳು, ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡು, "ಅದು ಸುಳ್ಳಲ್ವೇನಮ್ಮ?" ಎಂದಷ್ಟೇ ಕೇಳಿದ್ದರು. ಅವಳು ತಾನು ಯಾರೆಂದು ಹೇಳಿಕೊಳ್ಳಲಿಲ್ಲ. ದನಿಯನ್ನು ಒಂದಿಷ್ಟು ಒರಟು ಮಾಡಿಕೊಂಡು ತೊಂದರೆ ಹೇಳಿದಳು.

"ಆಯ್ತು. ಮೋಡೆಮ್ ಮಗುಚಿ ಹಿಡೀರಿ. ಚೀಟಿ ಕಾಣ್ತಾ? ನಂಬರ್ ಓದಿ ನೋಡೋಣ. ನಿಧಾನಕ್ಕೆ ಓದಿ, ನನಗೇನೂ ಅವಸರ ಇಲ್ಲ."

ಅವಳು ಓದಿದಳು. ಎಂಟು, ನಾಲ್ಕು, ಬಾಲ್‌ನ ಬಿ, ಸೊನ್ನೆ... ಕಣ್ಣೆದುರು ಎರಡು ಸಾಲೂ ಸ್ಪಷ್ಟವಾಗಿದ್ದವು. ಕೊನೆಗೆ ಬಂದಾಗ ನಾಲಗೆ ಒಂದು ಕ್ಷಣ ತಡೆಯಿತು, ಆಮೇಲೆ, "ಏಳು," ಎಂದಿತು. ಬೆಳಗ್ಗೆ ಓದಿದ್ದು ತಪ್ಪು. ಈಗ ಓದಿದ್ದಕ್ಕೆ ಅವಳ ಹತ್ತಿರ ಹೆಸರಿರಲಿಲ್ಲ.

"ನಮ್ಮಲ್ಲೂ ಇದೇ ಇದೆಯಲ್ಲ. ಮತ್ಯಾಕೆ..." ಟೀಚರ್ ತಮ್ಮಷ್ಟಕ್ಕೆ ಗೊಣಗಿದರು. "ತಡೀರಿ. ಚೀಟೀಲಿ ಎಷ್ಟು ಸಾಲಿದೆ?"

"ಎರಡು."

"ನೀವು ಓದಿದ್ದು ಯಾವ್ದು, ಮೇಲಿಂದಾ ಕೆಳಗಿಂದಾ?"

ಮಣಿಕಟ್ಟಿನ ಮೇಲೆ ಅಕ್ಕನ ಬೆರಳುಗಳಿದ್ದವು.

"ಹಲೋ?"

"ಕೆಳಗಿಂದು."

"ಅದೇ ಮತ್ತೆ! ಕೆಳಗಿಂದು ಟೆಲಿಫೋನಿಂದಮ್ಮ. ಮೇಲಿನ ಸಾಲು ಓದ್ಬೇಕು. ಕೊನೇದು ಏನಿದೆ? ಆರಾ? ಹ್ಞಾಂ, ಆರು ಹಾಕ್ದೆ." ಕೀಲಿಗಳನ್ನು ಒಂದೊಂದೇ ಹುಡುಕಿ ಒತ್ತುವ ಸದ್ದು. ಆಮೇಲೆ ಥಟ್ಟನೆ ಆ ದನಿ ಅರಳಿತು. "ಅಯ್ಯೋ! ಇದು ನೀವಲ್ವಾ? ಹೆಸರು ಈಗ ನೋಡ್ದೆ. ಎಂಥ ಮರೆವು ನಿಮ್ದು! ‘ಟೀಚರ್, ಎಲ್ಲಾ ಮರೆತ್ರೂ ಇದೊಂದು ಮರೀಬೇಡಿ, ಕಣ್ಣು ಮುಚ್ಕೊಂಡ್ರೂ ಮೇಲಿನ ಸಾಲು’ ಅಂತ ನನ್ ಕೈಲಿ ನೀವೇ ಬರೆಸಿದ್ರಲ್ಲ. ಗೋಡೆಗೆ ಅಂಟಿಸ್ಕೊಂಡಿದೀನಿ ಇನ್ನೂ, ನೋಡಿ!"

"ಹೌದು ಟೀಚರ್. ಗಮನ ಎಲ್ಲೋ ಇತ್ತು."

"ಆಗುತ್ತಮ್ಮ. ನಮ್ ಮನೇದೇ ಆದಾಗ ಕೈ ನಡುಗುತ್ತೆ. ಈಗ ದೀಪ ನೋಡಿ."

ದೀಪ ಇನ್ನೂ ಎರಡು ಸಲ ಮಿಟುಕಿತು, ಒಮ್ಮೆ ಪೂರ್ತಿ ಆರಿತು, ಆಮೇಲೆ ಬಂದು ನಿಂತಿತು. ಮಿಟುಕುತ್ತಿದ್ದಾಗ ಜೀವವಿದ್ದಂತಿದ್ದದ್ದು ಈಗ ಬರೀ ಒಂದು ಹಸಿರು ಚುಕ್ಕಿ. ಅವಳ ಎದೆಯಿಂದ ಉಸಿರೊಂದು ಇಳಿಯಿತು. ಅದು ನಿರಾಳದ ಉಸಿರಾಗಲಿ ಎಂದು ಅದು ಹೊರಬೀಳುತ್ತಿರುವಾಗಲೇ ಅವಳು ಬೇಡಿಕೊಂಡಳು, ಆದರೆ ಅಷ್ಟರಲ್ಲಿ ಅದು ಹೊರಬಿದ್ದಾಗಿತ್ತು, ಅದರ ತೂಕ ಅದಕ್ಕಿತ್ತು. ಅಕ್ಕನ ಬೆರಳುಗಳು ಮಣಿಕಟ್ಟಿನಿಂದ ಎದ್ದವು. ಟೀಚರ್ ಒಳ್ಳೆಯದಾಗಲಿ ಎಂದು ಫೋನಿಟ್ಟರು.

ಒಂದೂ ಐವತ್ತು.

"ನಿಂತಿತಾ?" ಅಕ್ಕ ಕೇಳಿದಳು.

"ನಿಂತಿತು."

ಬಣ್ಣ ಕೇಳಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ತಂಗಿ ಹಿಡಿಯಲು ಹೋದಾಗ, "ಬೇಡ, ದಾರಿ ಗೊತ್ತು," ಎಂದಳು. ಬಾಗಿಲ ಹತ್ತಿರ ನಿಂತು, ಚೌಕಟ್ಟನ್ನು ಸವರುತ್ತ, "ಅಣ್ಣಂಗೆ ನಾನೇ ಹೇಳ್ತೀನಿ, ಎರಡೂವರೆಗೆ ಬಾ ಅಂತ," ಎಂದಳು.

"ಯಾಕೆ? ಸರಿಹೋಯ್ತಲ್ಲೇ!"

"ಸರಿಹೋಯ್ತು. ಅದಕ್ಕೇ."

"ಅಂದ್ರೆ?"

"ಡಬ್ಬ ಕೆಟ್ಟಿತ್ತು ಅಂತ ನಾನು ಹೋದ್ರೆ, ನೀನು ಜನ್ಮಪೂರ್ತಿ ಆ ಡಬ್ಬಾನ ಬೈಕೊಂಡು ಆರಾಮಾಗಿರ್ತೀಯ." ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಅಷ್ಟು ಸುಲಭ ಮಾಡ್ಕೊಡಲ್ಲ ಕಣೇ ನಿಂಗೆ. ಹೋಗು, ಎರಡಾಗುತ್ತೆ, ಕೆಲ್ಸಕ್ಕೆ ಕೂತ್ಕೋ."

ಒಂದು ಮಾತು ಆಡಿದ್ದರೆ ಸಾಕಿತ್ತು. ಅದು ಯಾವ ಮಾತೆಂದು ಅವಳಿಗೆ ಗೊತ್ತಿತ್ತು, ಮಗುವಿಗೂ ಬರುವ ಮಾತು. ಆದರೆ ಅದನ್ನು ಅಕ್ಕನ ಕಿವಿಗೆ ಹಾಕುವುದೆಂದರೆ, ಜೋಪಾನದ ಉಸಿರನ್ನು ಗುರುತು ಹಿಡಿಯುವ ಆ ಕಿವಿಗೆ, ಮೊದಲು ಅದನ್ನು ತಾನು ನಂಬಬೇಕಿತ್ತು. ನಂಬಿ ಬಂದು ಹೇಳೋಣ ಎಂದುಕೊಂಡಳು; ಐದು ನಿಮಿಷ ಸಾಕು ಎಂದುಕೊಂಡಳು. ಕಂಪ್ಯೂಟರ್ ತೆರೆದಳು, ಗುಪ್ತಪದ ಒತ್ತಿದಳು. ಪರದೆ ಏನೂ ಆಗಿಲ್ಲವೆಂಬಂತೆ ಬೆಳಗಿತು. ಒಳಗಿನ ಕೋಣೆಯಲ್ಲಿ ಅಕ್ಕನ ಫೋನು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತಿತ್ತು. ಆಮೇಲೆ ಅಕ್ಕನ ದನಿ: "ಹ್ಞೂ, ಬಾ. ಇಲ್ಲ ಇಲ್ಲ, ಆಗಿದೆ ಅವಳ್ದು, ಚೆನ್ನಾಗಿ ಕೆಲ್ಸ ಮಾಡ್ತಿದೆ." ಎರಡು ಹೊಡೆಯಿತು. ಮೊದಲ ಕರೆ ಕಿವಿಗೆ ಬಿತ್ತು.

ಯಾರೋ ಮುದುಕರು, ಉಸಿರು ಸ್ವಲ್ಪ ಭಾರ. "ನೋಡಮ್ಮ, ಬೆಳಗಿಂದ ಮೂರು ಜನ ಅರ್ಧ ಗಂಟೆ ಬಿಡಿ, ಅರ್ಧ ಗಂಟೆ ಬಿಡಿ ಅಂದ್ರು. ನಂಗೆ ಎಂಬತ್ತು. ಎಷ್ಟು ಅರ್ಧ ಗಂಟೆ ಉಳಿದಿರುತ್ತೆ ಹೇಳು." ಅವಳು ಅವರಿಗೆ ಕೂರಲು ಹೇಳಿದಳು. ಮೊದಲು ನೀರು ಕುಡಿಯಿರಿ ಎಂದಳು. ಆಮೇಲೆ ತಿರುಪಿನಿಂದ ಶುರುಮಾಡಿ, ಒಂದೊಂದೇ ವಯರು, ಒಂದೊಂದೇ ದೀಪ, ಕೈಹಿಡಿದು ನಡೆಸಿದ ಹಾಗೆ ನಡೆಸಿದಳು. ಮೂರು ವರ್ಷದಲ್ಲಿ ಯಾರಿಗೂ ಹಾಗೆ ಹೇಳಿಕೊಟ್ಟಿರಲಿಲ್ಲ. ಆರು ನಿಮಿಷವಾಯಿತು, ಹನ್ನೆರಡಾಯಿತು. ಗಡಿಯಾರನ ಕೆಂಪು ಸೂಚನೆ ಪರದೆಯ ಮೂಲೆಯಲ್ಲಿ ಬಂದು ಕೂತಿತು, ಅವಳು ಅದನ್ನು ಪಕ್ಕಕ್ಕೆ ಸರಿಸಿದಳು. ಒಳಗೆ ಚೀಲದ ಜಿಪ್ಪು ಎಳೆಯುವ ಸದ್ದಾಯಿತು. ಅರ್ಧಕ್ಕೆ ನಿಂತಿತು, ಮತ್ತೆ ಶುರುವಾಯಿತು. ಇಪ್ಪತ್ತನೆಯ ನಿಮಿಷಕ್ಕೆ ಮುದುಕರ ಮನೆಯಲ್ಲಿ ದೀಪ ನಿಂತಿತು.

"ಬಂತಮ್ಮ, ಬಂತು! ದೇವರ ಹಾಗೆ ಬಂದೆ ನೋಡು. ಯಾರ ಮನೆ ಮಗಳೋ, ನಿನ್ನ ಜೊತೆಗಿರೋರು ಪುಣ್ಯ ಮಾಡಿರ್ಬೇಕು. ಇಡ್ಲಾ ಹಾಗಾದ್ರೆ?"

"ಬೇಡ," ಎಂದಳು ಅವಳು, ತೀರ ಬೇಗ. "ಟೀವಿ ಬರ್ತಿದೆಯಾ ನೋಡ್ಬಿಡಿ. ಮನೇಲಿ ಬೇರೆ ಫೋನಿದ್ರೆ ಅದನ್ನೂ ಜೋಡಿಸ್ಕೊಡ್ತೀನಿ. ನನಗೇನೂ ಅವಸರ ಇಲ್ಲ."

ಹೊರಗೆ ಕಾರು ನಿಂತಿತು. ಅಣ್ಣ ಬಾಗಿಲಲ್ಲಿ ಕಾಣಿಸಿಕೊಂಡು ಹುಬ್ಬೇರಿಸಿದ. ಅವಳು ಹೆಡ್‌ಫೋನು ತೋರಿಸಿ ಒಂದು ಬೆರಳೆತ್ತಿದಳು, ಒಂದು ನಿಮಿಷ ಎಂಬಂತೆ. ಅವನು ಚೀಲ ಎತ್ತಿಕೊಂಡ. ಅಕ್ಕ ಅವನ ಹೆಗಲ ಮೇಲೆ ಕೈಯಿಟ್ಟು ಹೊರಬಂದಳು. ಹೋದ ವರ್ಷ ಇಬ್ಬರೂ ಹೋಗಿ ಆರಿಸಿ ತಂದ ಸೀರೆ ಉಟ್ಟಿದ್ದಳು, ಬಣ್ಣ ಹೇಳಿ ಹೇಳಿ ಇವಳ ಬಾಯಿ ನೋಯಿಸಿದ್ದ ಸೀರೆ. ನಡುಮನೆಗೆ ಬಂದಾಗ ಅಣ್ಣ, "ಕೆಳಗೆ ವಯರಿದೆ, ಜೋಕೆ," ಎಂದು ಪಿಸುಗುಟ್ಟಿದ. ಅಕ್ಕ ನಿಂತಳು. ಪಾದದ ತುದಿಯಿಂದ ನೆಲ ತಡವಿ, ಗೋಡೆಯಿಂದ ಮೋಡೆಮಿಗೆ ಹಾಸಿದ್ದ ಕೇಬಲ್ಲನ್ನು ಹುಡುಕಿಕೊಂಡಳು. ಆಮೇಲೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಅದಕ್ಕೆ ತಾಗದಂತೆ, ಅಗತ್ಯಕ್ಕಿಂತ ಎತ್ತರಕ್ಕೆ ಕಾಲೆತ್ತಿ, ದಾಟಿ ಹೋದಳು.

"ಹಲೋ? ಇದ್ದೀಯೇನಮ್ಮ?" ಎಂದರು ಕಿವಿಯೊಳಗೆ ಮುದುಕರು.

"ಇದ್ದೀನಿ," ಎಂದಳು. "ಹೇಳಿ."